ಶಾಲು ಹೊದ್ದ ಉತ್ತರಗಳು

ಮೊದಲು ಕಂಡದ್ದು ನನ್ನ ಶಾಲು. ಬಸಣ್ಣನವರು ಆಮೇಲೆ ಕಂಡರು.

ಕಳೆದ ತಿಂಗಳು ಊಟ ಮುಗಿಸಿ ಮೊಬೈಲ್ ಹಿಡಿದು ಕೂತಿದ್ದೆ. (ಊಟವಾದ ಮೇಲೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ಹೆಬ್ಬೆರಳು ನಡೆಯುತ್ತಿತ್ತು.) ಪರದೆಯ ಮೇಲೆ ನಮ್ಮ ರಾಯದುರ್ಗದ ಜೀನ್ಸ್ ಉದ್ಯಮಿ ಬಸಲಿಂಗಪ್ಪನವರು, ಊರಿಗೆಲ್ಲ ಬಸಣ್ಣ, ತಮ್ಮ ಫ್ಯಾಕ್ಟರಿಯಲ್ಲಿ ಕೂತು ನಗುತ್ತ ಮಾತಾಡುತ್ತಿದ್ದರು. ಅವರ ಬೆನ್ನ ಹಿಂದೆ ಇನ್ವರ್ಟರ್ ಬ್ಯಾಟರಿ. ಬ್ಯಾಟರಿಗೆ ಧೂಳು ಹಿಡಿಯದಂತೆ ಹೊದಿಸಿದ್ದ ಕೆಂಪಂಚಿನ ಶಾಲು. ಅದು ನನ್ನದು. ಅಂದರೆ, ನಾನು ಬಸಣ್ಣನವರಿಗೆ ಹೊದಿಸಿದ್ದು.

ಅವರನ್ನು ನಗಿಸುತ್ತಿದ್ದವನು ತಿಪ್ಪೇಸ್ವಾಮಿ.

ಹಳೆಯ ಓದುಗರಿಗೆ ಈ ತಿಪ್ಪೇಸ್ವಾಮಿ ಗೊತ್ತು. ಇದೇ ಪತ್ರಿಕೆಯಲ್ಲಿ, ಇದೇ ಅಂಕಣದ ಪಕ್ಕದ ಕಾಲಮ್ಮಿನಲ್ಲಿ, ಶೇಂಗಾ ಮತ್ತು ಹುಣಸೆಹಣ್ಣಿನ ಧಾರಣೆ ಬರೆಯುತ್ತಿದ್ದವನು. ಏರಿತು, ಇಳಿಯಿತು, ಸ್ಥಿರವಾಗಿದೆ: ಇಷ್ಟೇ ಅವನ ಶಬ್ದಭಂಡಾರ. ಈಗ ಪಾಡ್‌ಕಾಸ್ಟ್ ಮಾಡುತ್ತಾನೆ. ನನ್ನ ಆಪ್ತ ಸ್ನೇಹಿತ. (ಈ ವಾಕ್ಯವನ್ನು ಹಲ್ಲು ಕಚ್ಚಿ ಬರೆದಿದ್ದೇನೆ.)

ಅದೇ ಬಸಣ್ಣನವರನ್ನು ಅದಕ್ಕೂ ಮೊದಲೇ ನಾನು ನಮ್ಮ ‘ಉದ್ಯಮ ರತ್ನಗಳು’ ಸರಣಿಗೆ ಸಂದರ್ಶಿಸಿದ್ದೆ. ನನ್ನ ಪದ್ಧತಿ ನಿಮಗೆ ತಿಳಿದದ್ದೇ. ಮೊದಲು ಶಾಲು, ಹಾರ, ಫಲತಾಂಬೂಲ, ಫೋಟೋ. ನಂತರ ಪ್ರಶ್ನೆ. ತಮ್ಮ ಯಶಸ್ಸಿನ ಗುಟ್ಟೇನು? ಪರಿಶ್ರಮ. ತಮಗೆ ಸ್ಫೂರ್ತಿ ಯಾರು? ತಂದೆತಾಯಿ. ಯುವಜನತೆಗೆ ತಮ್ಮ ಸಂದೇಶ? ಪರಿಶ್ರಮ. ಅಕ್ಕಿ ಗಿರಣಿಯವರು, ಗ್ರಾನೈಟಿನವರು, ಎಣ್ಣೆ ಮಿಲ್ಲಿನವರು ಎಲ್ಲರೂ ಇದನ್ನೇ ಹೇಳಿದ್ದಾರೆ. ಒಮ್ಮೆ ಮುದ್ರಣದಲ್ಲಿ ಇಬ್ಬರ ಫೋಟೋ ಅದಲುಬದಲಾಗಿತ್ತು. ಓದುಗರಿರಲಿ, ಆ ಇಬ್ಬರೂ ಗಮನಿಸಲಿಲ್ಲ.

ತಿಪ್ಪೇಸ್ವಾಮಿ ಏನು ಮಾಡಿದ್ದ ಗೊತ್ತೆ? ಬಳ್ಳಾರಿಯ ಫುಟ್‌ಪಾತಿನಲ್ಲಿ ಕೊಂಡ ಒಂದು ದರಿದ್ರ ಪ್ಯಾಂಟನ್ನು ಬಸಣ್ಣನವರ ಟೇಬಲ್ಲಿನ ಮೇಲೆ ಹಾಕಿ ಸುಮ್ಮನೆ ಕೂತಿದ್ದ. ಒಂದು ಪ್ರಶ್ನೆಯೂ ಇಲ್ಲ. ಬಸಣ್ಣನವರ ಕೈ ಸುಮ್ಮನಿರಬೇಕಲ್ಲ? ಎತ್ತಿಕೊಂಡರು, ಒಳಹೊರಗು ಮಾಡಿದರು, ಕಾಲನ್ನು ಜಗ್ಗಿ ನೋಡಿದರು.

“ಇದನ್ನ ಯಾವ ಪುಣ್ಯಾತ್ಮ ಹೊಲಿದಾನ್ರಿ? ಬಟ್ಟಿ ಸೊಟ್ಟ ಕತ್ತರಿಸ್ಯಾನ. ನೋಡ್ರಿಲ್ಲಿ, ಹೊಲಿಗಿ ಪಕ್ಕಕ್ಕ ಇರದು ಬಿಟ್ಟು ಮೊಣಕಾಲಿಗೆ ಬಂದೈತಿ.”

“ತಪ್ಪು ಎಲ್ರೂ ಮಾಡ್ತಾರಲ್ರಿ,” ಅಂದ ತಿಪ್ಪೇಸ್ವಾಮಿ.

“ನಾ ಮಾಡಿದ್ದು ಕೇಳಿದ್ರ ಇದೇನೂ ಅಲ್ರಿ.”

ಆಮೇಲೆ ಬಂತು ನೋಡಿ. ಮೊದಲ ದೊಡ್ಡ ಆರ್ಡರಿನಲ್ಲಿ ಬಟ್ಟೆಯನ್ನು ತೊಳೆಯದೆ ಹೊಲಿಸಿದ್ದರಂತೆ. ಒಂದು ಒಗೆತಕ್ಕೆ ಸೊಂಟವೆಲ್ಲ ಕುಗ್ಗಿ ಇಡೀ ಲಾರಿ ಮಾಲು ತಿರುಗಿ ಬಂತಂತೆ. ಗಂಡ ಹೆಂಡತಿ ಕೂತು ಎಲ್ಲವನ್ನೂ ಬಿಚ್ಚಿ ಮಕ್ಕಳ ಪ್ಯಾಂಟು ಮಾಡಿ ಸಂತೆಗಳಿಗೆ ಕಳಿಸಿದರಂತೆ. ಅದು ಬಿಸಿ ಮಿರ್ಚಿಯ ಹಾಗೆ ಖರ್ಚಾಯಿತಂತೆ. ದೊಡ್ಡವರ ಪ್ಯಾಂಟು ಹೊಲಿಯುವವರು ಊರ ತುಂಬ ಇದ್ದಾರೆ, ಮಕ್ಕಳದು ಹೊಲಿಯುವವರಿಲ್ಲ ಎಂದು ಆಗ ತಿಳಿಯಿತಂತೆ. “ನಮ್ಮ ಫ್ಯಾಕ್ಟರಿ ನಿಂತಿರದು ಪರಿಶ್ರಮದ ಮ್ಯಾಲ ಅಲ್ರಿ, ಆ ತಪ್ಪಿನ ಮ್ಯಾಲ.”

ನನಗೆ ಪರಿಶ್ರಮ. ಅವನಿಗೆ ತಪ್ಪು. ಇದು ನ್ಯಾಯವೇ?

ವಯಸ್ಸಾದಂತೆ ಹೊಟ್ಟೆಕಿಚ್ಚು ಆರುತ್ತದೆ ಎಂದು ಯಾರು ಹೇಳಿದರೋ ಕಾಣೆ. ನನ್ನ ಮಂಡಿ ಕೈಕೊಟ್ಟಿದೆ, ಎಡಗಿವಿ ಕೈಕೊಟ್ಟಿದೆ, ಹಲ್ಲುಗಳು ಒಂದೊಂದಾಗಿ ರಾಜೀನಾಮೆ ಕೊಡುತ್ತಿವೆ. ಇದೊಂದು ಮಾತ್ರ ದೇವರ ದಯೆಯಿಂದ ಗಟ್ಟಿಮುಟ್ಟಾಗಿದೆ. ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದೆ.

“ಯಾಕ್ರಿ, ಮತ್ತ ಅದನ್ನೇ ನೋಡಾಕತ್ತೀರಿ?” ಎಂದಳು ಹೆಂಡತಿ.

“ತಪ್ಪು ಹುಡುಕ್ತಿದೀನಿ.”

“ಸಿಕ್ತಾ?”

“ಕ್ಯಾಮೆರಾ ಸ್ವಲ್ಪ ಅಲುಗಾಡ್ತದ.”

“ಅಷ್ಟ?” ಅವಳು ಅವರೆಕಾಯಿ ಬಿಡಿಸುತ್ತಲೇ ತೀರ್ಪು ಕೊಟ್ಟಳು. “ನೀವು ಶಾಲು ಹೊದಿಸಿ ಅವರ ಬಾಯಿ ಮುಚ್ಚಸ್ತೀರಿ. ಶಾಲು ಹೊತ್ತ ಮನುಷ್ಯ ಮದುವಿ ಗಂಡಿನಂಗ ಕುಂತಿರ್ತಾನ. ಮದುವಿ ಗಂಡು ಎಲ್ಲೆರ ಮನಸಿನ ಮಾತು ಆಡ್ತೈತೇನ್ರಿ?”

ಅಷ್ಟರಲ್ಲಿ ಸಂಪಾದಕರ ಫೋನು. ಮುಂದಿನ ರತ್ನ ಮಡಕಶಿರಾದ ರೇಷ್ಮೆ ಉದ್ಯಮಿ ಮುದ್ದರಂಗಪ್ಪನವರು. ಪತ್ರಿಕೆಯವರನ್ನು ಹತ್ತಿರ ಬಿಟ್ಟುಕೊಳ್ಳದ ಆಸಾಮಿ, ಹೇಗೋ ಒಪ್ಪಿದ್ದಾರೆ. “ಸರ್, ಈ ಸಲ ಸ್ವಲ್ಪ ಒಳಗಿನ ಮಾತು ಬರಲಿ,” ಎಂದರು ಸಂಪಾದಕರು. “ಇಲ್ಲದಿದ್ದರೆ ಸರಣಿಯನ್ನು ತಿಪ್ಪೇಸ್ವಾಮಿಯವರಿಗೆ ಕೊಡೋಣ ಅಂತಿದೀವಿ. ತಾವು ಹಿರಿಯರು. ಮಾರ್ಗದರ್ಶನ ಮಾಡಿಕೊಂಡಿರಿ.”

ಪತ್ರಿಕಾ ಲೋಕದಲ್ಲಿ ಒಬ್ಬನನ್ನು ಮಾರ್ಗದರ್ಶಕ ಎಂದು ಕರೆದರೆ ಏನರ್ಥ? ಅವನ ಕುರ್ಚಿಯನ್ನು ಆಗಲೇ ಇನ್ನೊಬ್ಬರು ಒರೆಸುತ್ತಿದ್ದಾರೆ ಎಂದರ್ಥ.

ನಾನು ಸಂಕಲ್ಪ ಮಾಡಿದೆ. ಈ ಸಲ ಶಾಲಿಲ್ಲ, ಹಾರವಿಲ್ಲ, ಪರಿಶ್ರಮವಿಲ್ಲ. ತಿಪ್ಪೇಸ್ವಾಮಿ ಕೆಟ್ಟ ಮಾಲು ತೋರಿಸಿ ಬಾಯಿ ಬಿಡಿಸಬಲ್ಲನಾದರೆ ನಾನೇನು ಕಡಿಮೆ? (ಇದಕ್ಕೆ ಕಾಪಿ ಹೊಡೆಯುವುದು ಎನ್ನಬಾರದು. ಪರಂಪರೆಯ ಮುಂದುವರಿಕೆ ಎನ್ನಬೇಕು.) ಬೀರುವಿನ ತಳದಲ್ಲಿ ನನ್ನ ಮದುವೆಯ ರೇಷ್ಮೆ ಪಂಚೆಯಿತ್ತು. ಮಡಿಕೆಯ ಗುಂಟ ಪಿಸಿದು ಹರಿದಿತ್ತು. ಹಾಳೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ರಾಯದುರ್ಗದಿಂದ ಮಡಕಶಿರಾಕ್ಕೆ ಬಸ್ಸು ಬದಲಿಸಿ ಹೋಗುವುದೇ ಒಂದು ಭಾಷಾ ಪ್ರವಾಸ. “ಬರ್ರಿ, ಮುಂದಕ್ಕ ಸರೀರಿ” ಎಂದು ಹತ್ತಿಸಿಕೊಳ್ಳುತ್ತಾರೆ. ನಡುದಾರಿಯಲ್ಲಿ ತೆಲುಗಿನಲ್ಲಿ ಬೈಯುತ್ತಾರೆ. ಮಡಕಶಿರಾ ಮುಟ್ಟುವಷ್ಟರಲ್ಲಿ “ಇಳ್ಕಳಿ ಸ್ವಾಮಿ, ಒಸಿ ಬೇಗ” ಎಂದು ಶಿರಾದ ಕನ್ನಡದಲ್ಲಿ ಇಳಿಸುತ್ತಾರೆ.

ಮುದ್ದರಂಗಪ್ಪನವರ ರೀಲಿಂಗ್ ಘಟಕದ ತುಂಬ ಬೆಂದ ರೇಷ್ಮೆಗೂಡಿನ ವಾಸನೆ. ಒಳಗೆ ನೂಲು ತೆಗೆಯುವ ರಾಟೆಗಳು ತಿರುಗುತ್ತಿದ್ದವು. ಹೊರಗಿನ ಪಡಸಾಲೆಯಲ್ಲಿ ಸಾಹುಕಾರರು ಗಂಜಿ ಹಾಕಿದ ಬಿಳಿ ಬಟ್ಟೆಯಲ್ಲಿ ಕೂತಿದ್ದರು. ಜೇಬಿನಿಂದ ಮಡಚಿದ ಹಾಳೆಯೊಂದು ಇಣುಕುತ್ತಿತ್ತು, ಭಾಷಣವಿರಬೇಕು. ಸೊಸೆ ಕುಂಕುಮದ ತಟ್ಟೆ ಹಿಡಿದಿದ್ದಳು. ಮಗ ಮೊಬೈಲ್ ಸರಿಮಾಡಿಕೊಳ್ಳುತ್ತಿದ್ದ. ಎಲ್ಲರ ಕಣ್ಣೂ ನನ್ನ ಚೀಲದ ಮೇಲೆ. ಚೀಲಕ್ಕೆ ಇಷ್ಟು ಮರ್ಯಾದೆ ಯಾಕೆ ಎಂದು ಆಗ ನನಗೆ ಹೊಳೆಯಲಿಲ್ಲ.

“ಬನ್ನಿ ಸ್ವಾಮಿ. ಮೊದ್ಲು ಆ ಕಾರ್ಯಕ್ರಮ ಮುಗಿಸ್ಬುಡಿ. ಆಮ್ಯಾಕೆ ಮಾತು.”

ಕಾರ್ಯಕ್ರಮವೆಂದರೆ ಸಂದರ್ಶನವೇ ಇರಬೇಕೆಂದು ನಾನು ಚೀಲಕ್ಕೆ ಕೈ ಹಾಕಿದೆ. ಮುದ್ದರಂಗಪ್ಪನವರು ಹೆಗಲ ಮೇಲಿನ ಟವೆಲ್ ತೆಗೆದು ಪಕ್ಕಕ್ಕಿಟ್ಟರು. ಕೈ ಮುಗಿದರು. ಕುತ್ತಿಗೆ ಬಗ್ಗಿಸಿದರು. ಮಗ ಮೊಬೈಲ್ ಎತ್ತಿದ.

ನಾನು ಹರಿದ ಪಂಚೆಯನ್ನು ತೆಗೆದು ಟೀಪಾಯಿಯ ಮೇಲೆ ಹರವಿದೆ.

ಕುತ್ತಿಗೆ ಇನ್ನೂ ಬಗ್ಗಿಯೇ ಇತ್ತು. ಶಾಲು ಬೀಳಲಿಲ್ಲವೆಂದು ನಿಧಾನವಾಗಿ ಮೇಲೆದ್ದಿತು.

“ಏನಿದು?”

“ಪಂಚೆ. ಸ್ವಲ್ಪ ಹರಿದಿದೆ. ತಜ್ಞರಾದ ತಾವು ಇದರ ಬಗ್ಗೆ…”

“ಬಸಣ್ಣಂಗೆ ಶಾಲು ಹೊದ್ಸಿದ್ರಲ್ಲ?”

“ಹೌದು.”

“ಪೇಪರ್ನಾಗೆ ನೋಡ್ದೆ. ಕೆಂಪಂಚಿಂದು.”

“ಹೌದು.”

“ನಮಗೆ ಹರಿದೋದ ಪಂಚೆ.”

ಸೊಸೆ ತಟ್ಟೆಯೊಂದಿಗೆ ಒಳಗೆ ಹೋದಳು. ಮಗ ಮೊಬೈಲ್ ಇಳಿಸಿದ, ಆದರೆ ಅದಕ್ಕೂ ಮೊದಲೇ ಕ್ಲಿಕ್ಕಿಸಿದ್ದ. ಬಸಣ್ಣನವರು ಆ ಶಾಲನ್ನು ಬ್ಯಾಟರಿಗೆ ಹೊದಿಸಿದ್ದಾರೆ ಎಂದು ಹೇಳಿ ಸಮಾಧಾನ ಮಾಡೋಣವೆಂದುಕೊಂಡೆ. ಅದರ ಬದಲು ಪಂಚೆಯ ಸುಕ್ಕು ತೀಡಿದೆ. ಸರಣಿ ಹೋಯಿತು, ತಿಪ್ಪೇಸ್ವಾಮಿ ಗೆದ್ದ ಎಂದು ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟೆ. ಎದ್ದು ಹೋಗಿ ಅನ್ನುತ್ತಾರೆ ಎಂದು ಕಾದೆ.

ಮುದ್ದರಂಗಪ್ಪನವರು ಜೇಬಿನಲ್ಲಿದ್ದ ಭಾಷಣ ತೆಗೆದು ಮುದುರಿ ಎಸೆದರು.

“ಅವನಿಗೇನ್ ಸ್ವಾಮಿ ಕೊಂಬು ಬಂದವಾ? ಇಬ್ರೂ ಒಂದೇ ವರ್ಷ ಕಸುಬಿಗೆ ಇಳಿದೋರು. ನಾವು ಕೊಡೋ ಮಾಲು ಎಂಥದ್ದು? ನಮ್ ನೂಲಿನ ಸೀರೆನ ಅಜ್ಜಿ ಉಡ್ತಾಳೆ, ಮಗಳು ಉಡ್ತಾಳೆ, ಮೊಮ್ಮಗಳೂ ಉಡ್ತಾಳೆ. ಮಿಕ್ಕ ದಿನ ಬೀರುನಾಗೆ ಮಡಗ್ತಾರೆ. ಒಳ್ಳೆ ಮಾಲು ಕೊಟ್ಟಷ್ಟೂ ಗಿರಾಕಿ ತಿರುಗಿ ಬರಾಕಿಲ್ಲ, ಇದು ನಮ್ ಕಸುಬು. ಅವ್ನು? ಹರಿದೇ ಮಾರ್ತಾನೆ. ಮಂಡಿ ತಾವ ತೂತು ಮಾಡಿ, ಆ ತೂತಿಗೂ ಕಾಸು ಈಸ್ಕೊತಾನೆ. ಅಂತವನಿಗೆ ಶಾಲು.”

ನಾನು ಪೆನ್ನು ತೆಗೆದೆ. ಪ್ರಶ್ನೆ ಕೇಳುವ ಧೈರ್ಯವಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

“ಬನ್ನಿ ಇಲ್ಲಿ,” ಎಂದು ಹಿಂದಿನ ಶೆಡ್ಡಿಗೆ ಕರೆದೊಯ್ದರು. ಟಾರ್ಪಾಲು ಸರಿಸಿದರೆ ಮಿರಮಿರ ಮಿಂಚುವ ಆಟೋಮ್ಯಾಟಿಕ್ ರೀಲಿಂಗ್ ಮೆಷಿನ್ನು. ಹೊಸದು. ಆದರೆ ಜೇಡ ಆಗಲೇ ನೂಲು ತೆಗೆಯತೊಡಗಿತ್ತು.

“ಬಸಣ್ಣ ಹೊಸ ಬಿಲ್ಡಿಂಗ್ ಕಟ್ಟಿಸ್ದ ವರ್ಷ ತರಿಸ್ದೆ. ಇದಕ್ಕೆ ಒಂದೇ ಸಮದ ಬಿಳಿ ಗೂಡು ಬೇಕು. ಪಕ್ಕದ ರೊಳ್ಳದ ಕಡೆಯಿಂದ ನಮಗೆ ಬರೋದು ಹಳದಿ ಮಿಶ್ರತಳಿ, ಒಂದು ದಪ್ಪ, ಒಂದು ಸಣ್ಣ. ಎಳೆ ನಿಲ್ಲಲೇ ಇಲ್ಲ. ಪಟಪಟ ಕಿತ್ಕೊಂಡೋತು.”

“ತರಿಸುವ ಮೊದಲು ಇದು ಗೊತ್ತಿರಲಿಲ್ಲವೇ?” ಅಂದು ನಾನು ಬಾಯಿಬಿಟ್ಟು ಕೇಳಿದ ಮೊದಲ ಪ್ರಶ್ನೆ ಇದು.

ಅವರು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು. “ಗೂಡಿನ ವಿಷ್ಯ ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರ್ತದೆ ಸ್ವಾಮಿ? ಈ ಮೆಷಿನ್ನು ತಂದಿದ್ದು ಗೂಡಿಗಲ್ಲ. ಬಸಣ್ಣಂಗೆ.”

ನನಗೆ ಆ ಕ್ಷಣ ಅವರ ಕಾಲಿಗೆ ಬೀಳಬೇಕೆನಿಸಿತು. ನಾನು ಬಸ್ಸು ಹತ್ತಿ ಅಲ್ಲಿಗೆ ಬಂದದ್ದಾದರೂ ಯಾರಿಗಾಗಿ? ಮುದ್ದರಂಗಪ್ಪನವರಿಗಾಗಿಯೆ? ಓದುಗರಿಗಾಗಿಯೆ? ತಿಪ್ಪೇಸ್ವಾಮಿಗಾಗಿ.

“ಆಮೇಲೆ?”

“ಆಮೇಲೇನು, ಟಾರ್ಪಾಲು ಹೊದ್ಸಿ ಬೀಗ ಹಾಕಿದ್ದೆ. ನೋಡ್ದಾಗೆಲ್ಲ ಮೈ ಉರೀತಿತ್ತು. ಅದೇ ಉರೀಲಿ ರೊಳ್ಳದ ಕಡೆ ತೋಟ ತೋಟ ತಿರುಗ್ದೆ. ಬಿಳಿ ಗೂಡು ಸಾಕಿ, ಹುಳ ಸತ್ರೆ ನಷ್ಟ ನಂದು ಅಂತ ಮಾತು ಕೊಟ್ಟೆ. ಒಬ್ಬಿಬ್ರು ಒಪ್ಪವ್ರೆ. ಮುಂದಿನ ಬೆಳೆಗೆ ಇದು ತಿರುಗ್ತದೆ. ಆ ಕಿಚ್ಚು ಇಲ್ದೇ ಹೋಗಿದ್ರೆ ನಾನು ಹಳದಿ ಗೂಡಿನ ಮೇಲೇ ಮುದುಕ ಆಗ್ಬುಡ್ತಿದ್ದೆ.”

ಇಷ್ಟು ವರ್ಷ ನಾನು ಕೇಳಿದ ಪ್ರಶ್ನೆಯೇ ತಪ್ಪು ಓದುಗರೇ. ಯಶಸ್ಸಿನ ಗುಟ್ಟೇನು ಎಂದರೆ ಯಾರಾದರೂ ಹೇಳುತ್ತಾರೆಯೆ? ಅದು ಗುಟ್ಟು. ಯಾರನ್ನು ಕಂಡರೆ ನಿಮಗೆ ನಿದ್ದೆ ಬರುವುದಿಲ್ಲ ಎಂದು ಕೇಳಬೇಕು. ಮನುಷ್ಯ ಎಲ್ಲಿ ಎಡವಿದ, ಎಲ್ಲಿ ಓಡಿದ, ಯಾಕೆ ಓಡಿದ, ಎಲ್ಲವೂ ಆ ಒಂದು ಹೆಸರಿನ ಹಿಂದೆ ಸಾಲಾಗಿ ನಿಂತಿರುತ್ತವೆ.

“ಇದನ್ನೆಲ್ಲ ಬರೆಯಬಹುದೇ?” ಎಂದು ಅಂಜುತ್ತ ಕೇಳಿದೆ.

ಮುದ್ದರಂಗಪ್ಪನವರು ಟಾರ್ಪಾಲು ಮತ್ತೆ ಎಳೆದರು. “ಬರೀರಿ. ಬಸಣ್ಣನ ಫೋಟೋಕಿಂತ ನಂದು ಒಂದು ಬೆಟ್ಟು ದೊಡ್ಡದಾಗಿರಲಿ, ಸಾಕು.” ಆಮೇಲೆ ಪಡಸಾಲೆಗೆ ಬಂದು ಟೀಪಾಯಿಯ ಮೇಲಿನ ಪಂಚೆಯನ್ನು ತಾವೇ ನೀಟಾಗಿ ಮಡಚಿ ನನ್ನ ಚೀಲಕ್ಕೆ ಹಾಕಿದರು. “ಇದನ್ನ ಇನ್ನೊಬ್ರ ಮನೆಗೆ ತಗಂಡೋಗ್‌ಬ್ಯಾಡಿ.”

ಸಂದರ್ಶನ ಅಚ್ಚಾಯಿತು. ಫೋಟೋ ಒಂದು ಬೆರಳು ದೊಡ್ಡದಿತ್ತು. ಸಂಪಾದಕರು ಮಾರ್ಗದರ್ಶನದ ಮಾತೆತ್ತಲಿಲ್ಲ. ಅದೇ ದಿನ ಬಸಣ್ಣನವರ ಫೋನು: “ಏನ್ರಿ, ಮಡಕಶಿರಾದವರಿಗೆ ಒಂದು ಪುಟ ಪೂರ್ತಿ ಕೊಟ್ಟೀರಿ? ನಮ್ಮದು ಇನ್ನೊಮ್ಮೆ ಮಾಡ್ರಿ.” ಸಂಜೆಗೆ ತಿಪ್ಪೇಸ್ವಾಮಿ.

“ಓದಿದ್ನೆಪ. ಭಾಳ ಚೆಂದ ಬಂದೈತಿ. ಹೆಂಗ ಬಾಯಿ ಬಿಡಿಸಿದಿ ಆ ಮನುಷ್ಯಾನ್ನ?”

ದನಿ ಸ್ವಲ್ಪ ಒಣಗಿತ್ತು. ‘ಭಾಳ ಚೆಂದ’ ಎನ್ನುವಾಗ ಗಂಟಲಲ್ಲಿ ಮುಳ್ಳು ಸಿಕ್ಕಂತೆ. ಆ ಮುಳ್ಳು ನನಗೆ ಚೆನ್ನಾಗಿ ಪರಿಚಯ, ತಿಂಗಳಿಡೀ ನನ್ನ ಗಂಟಲಲ್ಲೇ ಇತ್ತು. ಆ ರಾತ್ರಿ ಬಹಳ ದಿನಗಳ ಮೇಲೆ ಎರಡು ರೊಟ್ಟಿ ಹೆಚ್ಚು ತಿಂದೆ.

“ನಿಂದೇ ಒಂದು ಸಂದರ್ಶನ ಮಾಡ್ಬೇಕಂತೀನಿ,” ಎಂದಿದ್ದಾನೆ. “ಆಯ್ತವಾರ ಬರ್ತೀನಿ.”

ಇವತ್ತೇ ಆ ಭಾನುವಾರ. ಬೆಳಿಗ್ಗೆಯೇ ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿ ತೊಟ್ಟುಕೊಂಡು, ಪಡಸಾಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. “ಯಾರ್ದರ ಮದುವಿ ಐತೇನ್ರಿ?” ಎಂದು ಹೆಂಡತಿ ಕೇಳಿ ಹೋದಳು. ನಾನು ಕಾಲರ್ ಸರಿಮಾಡಿಕೊಂಡೆ.

ಇಗೋ, ಗೇಟು ಸದ್ದಾಯಿತು. ತಿಪ್ಪೇಸ್ವಾಮಿಯ ಕೈಯಲ್ಲೊಂದು ಚೀಲವಿದೆ. ಅದರಲ್ಲಿರುವುದು ಶಾಲೇ ಇರಬಹುದು. ಅಥವಾ ನಾನು ಇಷ್ಟು ವರ್ಷ ಬರೆದ ‘ಉದ್ಯಮ ರತ್ನಗಳು’ ಹಳೆಯ ಪತ್ರಿಕೆಗಳ ಕಟ್ಟೂ ಇರಬಹುದು: ನನ್ನ ಕಸುಬಿನ ಹರಿದ ಮಾಲು ಯಾವುದೆಂದು ಅವನಿಗೆ ಗೊತ್ತಿಲ್ಲವೇ?

ಈಗ ಹೇಳಿ, ನಾನು ಕುತ್ತಿಗೆ ಬಗ್ಗಿಸಲೋ, ಬೇಡವೋ?