ಏಣಿಯ ಬುಡದಲ್ಲಿ ದೊಡ್ಡಪ್ಪ

ದೊಡ್ಡಪ್ಪನ ಎಡಗೈಯಲ್ಲಿ ಉಂಗುರದ ಬೆರಳು ಇರಲಿಲ್ಲ. ಆ ಜಾಗದಲ್ಲಿ ಹುಣಸೆಬೀಜದಂತೆ ನುಣ್ಣಗಿನ ಒಂದು ಗಂಟು. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದಾಗ ವಿಮಾನದ ರೆಕ್ಕೆಯಿಂದ ಕೆಳಕ್ಕೆ ಹಾರಿದರಂತೆ. ಉಂಗುರ ಮೇಲೆಲ್ಲೋ ಸಿಕ್ಕಿಕೊಂಡು ಬೆರಳು ಅಲ್ಲೇ ಉಳಿಯಿತಂತೆ.

ನಿವೃತ್ತಿಯಾಗಿ ತೊಂಡೇಬಾವಿಗೆ ಬಂದ ಮೇಲೆ ಅವರಷ್ಟು ಅಂಜುವವರು ನಮ್ಮ ಮನೆತನದಲ್ಲೇ ಇರಲಿಲ್ಲ. ತೋಟದ ಮೋಟಾರು ಹಾಕುವ ಮೊದಲು ವಾಚು ಬಿಚ್ಚಿ, ಹೆಗಲ ಟವೆಲ್ಲನ್ನು ಗೂಟಕ್ಕೆ ಸಿಕ್ಕಿಸುತ್ತಿದ್ದರು. ಅಮ್ಮ ಸೆರಗು ಇಳಿಬಿಟ್ಟುಕೊಂಡು ಗ್ರೈಂಡರ್ ಹತ್ತಿರ ನಿಂತರೆ ಗದರುತ್ತಿದ್ದರು. "ಮಿಷನ್‌ಗೆ ನಿನ್ ಪರಿಚಯ ಇಲ್ಲಮ್ಮ" ಎನ್ನುವುದು ಅವರ ಮಾತು. ವಿಮಾನ ಬಿಚ್ಚಿ ಜೋಡಿಸಿದವರು ದೋಸೆಹಿಟ್ಟಿಗೆ ಹೆದರುತ್ತಾರೆ ಎಂದು ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು, ಆದರೆ ಸೆರಗು ಸಿಕ್ಕಿಸಿಕೊಳ್ಳುವವರೆಗೂ ಬಿಡುತ್ತಿರಲಿಲ್ಲ.

ನನ್ನ ನಿಶ್ಚಿತಾರ್ಥವಾದ ಹೊಸದರಲ್ಲಿ ಚಿಂತಾಮಣಿಯ ಬೀಗರ ಜೊತೆ ಯಲಹಂಕದ ಏರ್ ಶೋಗೆ ಹೋದೆವು. ಸಾಲಾಗಿ ನಿಲ್ಲಿಸಿದ್ದ ಹಳೆಯ ವಿಮಾನಗಳಲ್ಲಿ ಒಂದರ ಮುಂದೆ ದೊಡ್ಡಪ್ಪ ನಿಂತೇಬಿಟ್ಟರು. ಸೈನ್ಯಕ್ಕೆ ಸಾಮಾನು ಸಾಗಿಸುತ್ತಿದ್ದ ವಿಮಾನ ಅದು, ಅವರು ದುಡಿದಿದ್ದ ಬಗೆಯದೇ. ಜನ ಕಬ್ಬಿಣದ ಏಣಿ ಹತ್ತಿ ಒಳಗೆ ಇಣುಕುತ್ತಿದ್ದರು. ನಾನೂ ಕಾಲಿಟ್ಟೆ. ಅವರ ಕಣ್ಣು ನನ್ನ ನಿಶ್ಚಿತಾರ್ಥದ ಉಂಗುರದ ಮೇಲೆ ಬಿತ್ತು.

"ಉಂಗುರ ತೆಗೆದು ಹತ್ತಮ್ಮ" ಎಂದರು, ಮೆಲ್ಲಗೆ.

ಅತ್ತೆಯಾಗಲಿದ್ದವರಿಗೆ ಅದು ಕೇಳಿಸಿತು. "ಮದ್ವೆ ಆಗೋವರ್ಗೂ ಆ ಉಂಗುರ ತೆಗೀಬಾರ್ದು ಬೀಗ್ರೇ. ಒಳ್ಳೇದಲ್ಲ."

ದೊಡ್ಡಪ್ಪ ಬಾಯಿ ತೆರೆದರು, ಬೀಗಿತ್ತಿಯ ಮುಖ ನೋಡಿದರು, ಏಣಿಯ ಬುಡಕ್ಕೆ ಬಂದು ನಿಂತರು. ಗಂಡಿನ ಕಡೆಯವರು ಆಡಿದ ಮೇಲೆ ಹೆಣ್ಣಿನ ಕಡೆಯವರು ಎರಡನೇ ಮಾತಾಡುವುದುಂಟೆ? ನಾನು ಹತ್ತಿದೆ. ಅವರು ಅಲ್ಲಿಂದ ಕದಲಲಿಲ್ಲ.

ಇಳಿಯುವಾಗ ನೆತ್ತಿಯ ಮೇಲೆಯೇ ಯುದ್ಧವಿಮಾನವೊಂದು ಆಕಾಶ ಹರಿದಂತೆ ಹೋಯಿತು. ಬೆಚ್ಚಿಬಿದ್ದೆ, ಕಾಲು ಜಾರಿತು. ಉಂಗುರ ಏಣಿಯ ಬೋಲ್ಟಿಗೆ ಸಿಕ್ಕಿಕೊಂಡು ಮೈಭಾರವೆಲ್ಲ ಒಂದೇ ಬೆರಳಿಗೆ ಬಿತ್ತು. ಚರ್ಮ ಸುಲಿಯುತ್ತಿರುವುದು ಗೊತ್ತಾಗುತ್ತಿತ್ತು. ಆ ಸದ್ದಿನಲ್ಲಿ ನನ್ನ ಚೀರಾಟ ನನಗೇ ಕೇಳಿಸಲಿಲ್ಲ. ಬೆರಳು ಹೋಯಿತು, ದೊಡ್ಡಪ್ಪನ ಹಾಗೆಯೇ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಕಾಲಡಿಗೆ ಏನೋ ಗಟ್ಟಿಯಾಗಿ ಬಂತು. ಅವರ ಹೆಗಲು. ನನ್ನನ್ನು ಹೊತ್ತು ಮೇಲೆದ್ದರು. ಉಂಗುರ ಸಡಿಲಾಗಿ ಕಳಚಿಕೊಂಡಿತು.

ಆಮೇಲೆ ಅವರು ಏಣಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಅತ್ತೆಯೇ ಅವರಿಗೆ ನೀರು ಕುಡಿಸಿದರು. ನನ್ನ ಬೆರಳಿಗೆ ಬಟ್ಟೆ ಸುತ್ತುತ್ತಿದ್ದಾಗ ದೊಡ್ಡಪ್ಪ ಅತ್ತುಬಿಟ್ಟರು. "ನಿನ್ ಮದ್ವೆ ಎಲ್ಲಿ ಕೆಟ್ಟೋಗುತ್ತೋ ಅಂತ ಹೆದರ್ಬುಟ್ಟೆ ಕಣಮ್ಮ. ಜೋರಾಗಿ ಬೈಬೇಕಾಗಿತ್ತು ನಾನು."

ಮದುವೆ ನಡೆಯಿತು. ಹೋದ ವರ್ಷ ದೊಡ್ಡಪ್ಪ ತೀರಿಕೊಂಡರು. ತಲೆಯ ಮೇಲೆ ವಿಮಾನ ಹೋದರೆ ನಾನು ಈಗಲೂ ಮುಷ್ಟಿ ಬಿಗಿಯುತ್ತೇನೆ. ಬೆಳಿಗ್ಗೆ ಮಗಳ ಜಡೆ ಹೆಣೆಯುವಾಗ, ಸುತ್ತಲೂ ಬಿಳಿ ಗೆರೆಯಿರುವ ಆ ಬೆರಳು ಉಳಿದವುಗಳ ಜೊತೆ ಕೂದಲಲ್ಲಿ ಓಡಾಡುತ್ತದೆ. ಒಂಬತ್ತು ಬೆರಳು ಹೆತ್ತವರು ಕೊಟ್ಟದ್ದು. ಅದೊಂದು ದೊಡ್ಡಪ್ಪನದು.