ಎರಡು ತೊಟ್ಟಿಲು, ಒಂದು ಗಳ

ನಮ್ಮ ಪಡಸಾಲೆಯ ತೊಲೆಗೆ ಇರುವುದು ಎರಡೇ ಕೊಂಡಿ, ಒಂದು ತೊಟ್ಟಿಲಿಗೆ ಸಾಕಾಗುವಷ್ಟು. ಆ ವರ್ಷ ನನ್ನ ಇಬ್ಬರು ನೆಗೆಣ್ಣಿಯರೂ, ಅಂದರೆ ಮೈದುನರ ಹೆಂಡಂದಿರು, ಹದಿನೈದು ದಿನದ ಅಂತರದಲ್ಲಿ ಹೆತ್ತು, ಐದನೆಯ ತಿಂಗಳಲ್ಲಿ ಒಂದೇ ವಾರ ತವರಿನಿಂದ ಕೂಸುಗಳನ್ನು ಎತ್ತಿಕೊಂಡು ಬಂದರು. ಅತ್ತೆ ಒಂದು ಬಿದಿರಿನ ಗಳ ತರಿಸಿ, ಎರಡು ಕೊಂಡಿಗಳಿಗೂ ಹಗ್ಗ ಹಾಕಿ ಅದನ್ನು ಅಡ್ಡ ತೂಗಿಸಿ, ಆ ತುದಿಗೊಂದು ಈ ತುದಿಗೊಂದು ತೊಟ್ಟಿಲು ಇಳಿಬಿಟ್ಟರು. ತೊಟ್ಟಿಲ ಹಗ್ಗಗಳನ್ನು ತಮ್ಮ ಮೊಳದಿಂದಲೇ ಅಳೆದರು. ಒಮ್ಮೆಯಲ್ಲ, ಮೂರು ಸಲ.

"ಒಬ್ಬಾಕಿಗಿ ಹೆಚ್ಚು ಕೊಟ್ಲು, ಒಬ್ಬಾಕಿಗಿ ಕಡಿಮಿ ಕೊಟ್ಲು ಮುದುಕಿ ಅಂತ ನಾಳಿ ನೀವು ಅನಬಾರದು ನೋಡ್ರಿ" ಎಂದರು.

ತಿಂಗಳು ತುಂಬುವುದರೊಳಗೆ ನಡುವಿನ ನೆಗೆಣ್ಣಿಯ ಹೆಣ್ಣುಕೂಸು ಜ್ವರ ಬಂದು ಮೂರೇ ದಿನಕ್ಕೆ ಹೋಯಿತು. ಅವಳು ತೊಟ್ಟಿಲು ಇಳಿಸಲು ಬಿಡಲಿಲ್ಲ. ಬರಿ ತೊಟ್ಟಿಲು ತೂಗಿದರೆ ಮನೆಯಲ್ಲಿರುವ ಕೂಸಿಗೆ ಆಗಿಬರುವುದಿಲ್ಲ ಎಂದು ನಮ್ಮ ಕಡೆ ನಂಬುತ್ತಾರೆ. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಖಾರ ಅರೆಯುವ ಗುಂಡುಕಲ್ಲು ಮಲಗಿಸುತ್ತೇವಲ್ಲ, ಅದೇ ಕಲ್ಲನ್ನು ಅತ್ತೆ ತೊಳೆದು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಆ ತೊಟ್ಟಿಲಲ್ಲಿಟ್ಟರು. ತೊಟ್ಟಿಲು ಬರಿದಿರಬಾರದು ಎಂಬುದಷ್ಟೇ ಅವರ ಲೆಕ್ಕ. ಆದರೆ ಅಡುಗೆಮನೆಯಿಂದ ಬರುತ್ತಾ ಕಣ್ಣು ಹಾಯಿಸಿದರೆ, ಮೋರೆ ಮುಚ್ಚಿಕೊಂಡು ಮಲಗಿದ ಕೂಸಿನ ಹಾಗೆಯೇ ಕಾಣುತ್ತಿತ್ತು. ನಾನು ಆ ಕಡೆ ನೋಡದೆ ದಾಟಲು ಕಲಿತೆ.

ಒಂದು ಮಧ್ಯಾಹ್ನ ಕಿರಿಯ ನೆಗೆಣ್ಣಿ ತನ್ನ ಗಂಡುಕೂಸನ್ನು ನಾಲ್ಕು ಸಲ ಜೋರಾಗಿ ತೂಗಿ, ಸಾರಿಗೆ ಒಗ್ಗರಣೆ ಹಾಕಲು ಒಳಗೆ ಹೋದಳು. ನಾನು ಕಂಬಕ್ಕೆ ಒರಗಿ ಕೌದಿ ಹೊಲಿಯುತ್ತಿದ್ದೆ. ಬಿಸಿಲಿಗೆ ಬಾಗಿಲು ಮುಚ್ಚಿತ್ತು, ಗಾಳಿಯ ಸುಳಿವಿಲ್ಲ. ಕೂಸಿನ ತೊಟ್ಟಿಲ ತೂಗು ಸಣ್ಣದಾಗುತ್ತಾ ಬಂತು. ಅದರಲ್ಲೇನೂ ವಿಶೇಷವಿಲ್ಲ. ಕಣ್ಣಂಚಿನಲ್ಲಿ ಇನ್ನೊಂದು ಅಲುಗಿತು. ಕಲ್ಲಿದ್ದ ತೊಟ್ಟಿಲು, ಮಲಗಿದವರು ಏಳಬಾರದೆಂದು ಯಾರೋ ಬೆರಳ ತುದಿಯಿಂದ ನೂಕಿದಂತೆ, ಮೊದಲು ಇಷ್ಟೇ ಇಷ್ಟು, ಆಮೇಲೆ ಅಷ್ಟು, ಕಡೆಗೆ ಅಗಲವಾಗಿ ತೂಗತೊಡಗಿತು. ಅದು ತೂಗುತ್ತಿರುವಾಗ ಕೂಸಿನದು ನಿಂತೇ ಹೋಗಿತ್ತು. ಸ್ವಲ್ಪ ಹೊತ್ತಿಗೆ ಕಲ್ಲಿನದು ನಿಧಾನವಾಯಿತು, ಕೂಸಿನದು ತಾನಾಗಿ ಹೊರಟಿತು. ಸೂಜಿ ಬೆರಳಿಗೆ ಚುಚ್ಚಿದ್ದು ಕೌದಿಗೆ ರಕ್ತದ ಚುಕ್ಕೆ ಬಿದ್ದಾಗಲೇ ನನಗೆ ತಿಳಿದದ್ದು.

ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಎಣಿಸಿದೆ. ಇತ್ತ ಇಪ್ಪತ್ತೆರಡು ತೂಗು, ಅತ್ತ ಇಪ್ಪತ್ತೆರಡು ತೂಗು. ಅದರ ಮಾರನೆಯ ದಿನವೂ ಅಷ್ಟೇ. ಲೆಕ್ಕ ತಪ್ಪಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ.

ನಾಲ್ಕನೆಯ ದಿನ ಕಿರಿಯವಳ ಕಣ್ಣಿಗೇ ಬಿತ್ತು. ಕಿರುಚಿ ಕೂಸನ್ನು ಎತ್ತಿಕೊಂಡಳು.

"ಅಕ್ಕಾ, ಅದು ನನ್ನ ಕೂಸಿನ ಕೂಡ ಆಡಾಕ ಬರಾಕತ್ತೈತಿ! ಆ ತೊಟ್ಲ ಇಳಸ್ರಿ. ಇಲ್ಲಾಂದ್ರ ಈ ವಾರದಾಗ ನಾನು ಅರಸೀಕೆರಿಗಿ, ನಮ್ಮವ್ವನ ಮನಿಗಿ ಹೋಗ್ತೀನಿ."

ನಡುವಿನವಳು ಕಿರುಚಲಿಲ್ಲ. ತೊಟ್ಟಿಲ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತು ನೋಡಿದಳು. ಕೂಸು ಹೋದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ನಗು ಬಂತು. ತಾನಾಗಿ ತೂಗುವ ತೊಟ್ಟಿಲಿಗಿಂತ ಆ ನಗು ನನ್ನನ್ನು ಹೆಚ್ಚು ಹೆದರಿಸಿತು.

"ಇಳಸಾದಿದ್ರ ನನ್ನ ಹೆಣದ ಮ್ಯಾಲ ಇಳಸ್ರಿ" ಎಂದಳು, ಮೆಲ್ಲಗೆ.

ಅಂದಿನಿಂದ ಅವಳು ಮಧ್ಯಾಹ್ನವಾಗುವುದನ್ನೇ ಕಾಯತೊಡಗಿದಳು. ತಾಟನ್ನೂ ಅಲ್ಲಿಗೇ ತಂದುಕೊಂಡು, ಎರಡು ತುತ್ತು ತಿಂದು, ಕಲ್ಲಿನತ್ತ ನೋಡುತ್ತಾ ಕೂರುತ್ತಿದ್ದಳು. ಕಿರಿಯವಳು ಬಟ್ಟೆ ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದಳು. ಅತ್ತೆ ಎರಡೂ ತೊಟ್ಟಿಲಿಗೆ ನಿಂಬೆಹಣ್ಣು ಕಟ್ಟಿದರು, ಅದರಲ್ಲೂ ಸಮಪಾಲು. ನಿಂಬೆಹಣ್ಣುಗಳೂ ಜೊತೆಗೇ ತೂಗಿದವು.

ನನ್ನ ಮಗಳು ಆಗ ಕೊಟ್ಟೂರಿಗೆ ಬಸ್ಸಿನಲ್ಲಿ ಹೋಗಿ ಪಿಯುಸಿ ಓದುತ್ತಿದ್ದಳು. ಸಂಜೆ ನಾನು ರೊಟ್ಟಿ ಬಡಿಯುವಾಗ ಎದುರಿಗೆ ಕೂತು ಪಾಠ ಒಪ್ಪಿಸುವುದು ಅವಳ ರೂಢಿ. ನಾನು ಹತ್ತನೆಯ ತರಗತಿಗೆ ಬಿಟ್ಟವಳು. ಆದರೂ ಅವಳು ಒಪ್ಪಿಸಿ ಒಪ್ಪಿಸಿಯೇ ಜಡತ್ವ, ಬಲ, ವೇಗ ಎಂದರೆ ಏನೆಂದು ನನಗೂ ಅಷ್ಟಿಷ್ಟು ಹತ್ತಿತ್ತು. ಆ ಸಂಜೆ ಲೋಲಕದ ಪಾಠ.

"ಲೋಲಕವು ಒಮ್ಮೆ ಹೋಗಿ ಬರುವ ಕಾಲ ಅದರ ಉದ್ದವನ್ನು ಅವಲಂಬಿಸಿದೆ, ತುದಿಯ ತೂಕವನ್ನಲ್ಲ" ಎಂದಳು.

"ಹಂಗಂದ್ರ?"

"ಹಂಗಂದ್ರ ಹಗ್ಗ ಸಮ ಇದ್ರ ಸಾಕವ್ವಾ. ಕಲ್ಲು ಕಟ್ಟು, ಕೂಸು ಕಟ್ಟು, ಎರಡೂ ಒಂದೇ ತಾಳಕ್ಕ..."

ಅಲ್ಲಿಗೆ ನಿಲ್ಲಿಸಿ ನಾಲಿಗೆ ಕಚ್ಚಿಕೊಂಡಳು. ಇಬ್ಬರೂ ಪಡಸಾಲೆಯ ಕಡೆ ನೋಡಿದೆವು. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು.

ಭಾನುವಾರ ಹಿತ್ತಲಿನ ಎರಡು ಕಂಬಗಳ ನಡುವೆ ತುಸು ಸಡಿಲವಾಗಿ ಹಗ್ಗ ಕಟ್ಟಿ, ಅದಕ್ಕೆ ಎರಡು ಹಿತ್ತಾಳೆ ಚೊಂಬು ಸಮನಾಗಿ ಇಳಿಬಿಟ್ಟೆವು. ಒಂದನ್ನು ನೂಕಿ ಕೈ ತೆಗೆದೆ. ಅದು ನಿಂತಿತು, ಇನ್ನೊಂದು ಎದ್ದಿತು. ಹಾಡುಹಗಲಿನಲ್ಲೂ, ನನ್ನವೇ ಚೊಂಬುಗಳಾದರೂ, ಮೈ ಜುಮ್ಮೆಂದಿತು. ಹತ್ತು ಸಲ ಮಾಡಿದ ಮೇಲೆ ಒಂದೊಂದೇ ತಿಳಿಯಿತು. ಈ ಚೊಂಬು ತೂಗಿದಾಗಲೆಲ್ಲ ಮೇಲಿನ ಹಗ್ಗ ಕಂಡೂ ಕಾಣದಷ್ಟು ಜಗ್ಗುತ್ತದೆ. ಆ ಸಣ್ಣ ಜಗ್ಗು ಆ ಚೊಂಬಿಗೆ ಸರಿಯಾದ ಹೊತ್ತಿಗೇ ಮುಟ್ಟುತ್ತದೆ, ಏಕೆಂದರೆ ಎರಡರ ತಾಳವೂ ಒಂದೇ. ಜೋಕಾಲಿಯನ್ನು ಹೊತ್ತು ನೋಡಿ ನೋಡಿ ನೂಕಿದ ಹಾಗೆ. ಒಂದರ ಹಗ್ಗವನ್ನು ಗೇಣು ಗಿಡ್ಡ ಮಾಡಿದೆ, ತಾಳ ತಪ್ಪಿತು. ಅದು ಬರಿದೆ ನಡುಗಿ ಸುಮ್ಮನಾಯಿತು. ನಮ್ಮ ಪಡಸಾಲೆಯಲ್ಲಿ ಹಗ್ಗದ ಕೆಲಸವನ್ನು ಗಳ ಮಾಡುತ್ತಿತ್ತು.

ಇಬ್ಬರನ್ನೂ ಕರೆದು ತೋರಿಸಿದೆ. ಕಿರಿಯವಳು ಕೂಸನ್ನು ಅವುಚಿಕೊಂಡೇ ನೋಡಿ, ಅತ್ತು, ನಕ್ಕಳು.

"ಅತ್ತೀ, ನಿಮ್ಮ ಮೊಳದ ನ್ಯಾಯ ನೋಡ್ರಿ ಏನ್ ಮಾಡೈತಿ! ನನಗ ಒಂದೀಟು ಕಡಿಮಿ ಕೊಟ್ಟಿದ್ರ ಆಗ್ತಿರಲಿಲ್ಲೇನ್ರಿ?"

"ಕೊಟ್ಟಿದ್ರ ಊರೆಲ್ಲಾ ಡಂಗುರ ಹೊಡಿತಿದ್ದಿ" ಎಂದರು ಅತ್ತೆ.

"ಇಳಸಾದು ಬ್ಯಾಡಕ್ಕ, ಒಂದು ಹಗ್ಗ ಗಿಡ್ಡ ಮಾಡಿಬಿಡ್ರಿ, ಸಾಕು" ಎಂದಳು ಕಿರಿಯವಳು ನನಗೆ.

ನಡುವಿನವಳು ಚೊಂಬನ್ನು ಮುಟ್ಟಿ ನಿಲ್ಲಿಸಿದಳು.

"ಗಿಡ್ಡ ಮಾಡಿದ್ರ ಅಕಿ ಬರಂಗಿಲ್ಲ, ಅಲ್ಲೇನಕ್ಕ?"

"ಯಾರೂ ಬರತಿರಲಿಲ್ಲವ್ವ" ಎಂದೆ. ಹೇಳಿದ ಮೇಲೆ, ಅವಳ ಕೂಸನ್ನು ಇನ್ನೊಂದು ಸಲ ಮಣ್ಣಿಗೆ ಒಯ್ದವಳು ನಾನೇ ಅನ್ನಿಸಿತು.

ಅವಳು ಚೊಂಬಿನಿಂದ ಕೈ ತೆಗೆದಳು. ಆಮೇಲೆ ನನ್ನ ಮಗಳನ್ನು ಕೇಳಿದಳು: "ಆ ಕಡಿಯಿಂದ ತೂಗಿದ್ರೂ ಈ ಕಡಿಗಿ ಬರ್ತೈತೇನು?"

"ಬರ್ತೈತಿ ಸಣ್ಣವ್ವ. ಯಾವ ಕಡಿಯಿಂದಾದ್ರೂ."

ಎದ್ದು ಒಳಗೆ ಹೋದಳು. ನಾವೆಲ್ಲ ಹಿಂದೆಯೇ ಹೋದೆವು. ಕಿರಿಯವಳ ಕಡೆ ತಿರುಗಿ, "ಮಲಗಸಲೇ ಅವನ್ನ, ನೋಡೋಣು" ಎಂದಳು. ಕಿರಿಯವಳು ನನ್ನ ಮುಖ ನೋಡಿದಳು. ಕೂಸನ್ನು ಮಲಗಿಸಿದಳು, ಆದರೆ ಕೈ ತೊಟ್ಟಿಲ ಅಂಚಿನಲ್ಲೇ ಇತ್ತು. "ಕೈ ತಗೀ ಸಣ್ಣವ್ವ" ಎಂದು ಮಗಳು ಹೇಳಬೇಕಾಯಿತು.

ನಡುವಿನವಳು ಕಲ್ಲಿನ ತೊಟ್ಟಿಲನ್ನು ತೂಗಿದಳು. ಅತ್ತೆ ಕಣ್ಣು ಮುಚ್ಚಿಕೊಂಡರು. ಕಲ್ಲು ತೂಗಿತು, ತೂಗಿತು, ಸೋತಿತು. ಇತ್ತ ಯಾರೂ ಮುಟ್ಟದ ಕೂಸು ಹಗುರಾಗಿ ಹೊರಟಿತು. ಎರಡನೆಯ ಸುತ್ತಿಗೆ ಅದರ ರೆಪ್ಪೆಗಳು ಕೂಡಿಕೊಂಡವು.

"ಮಲಗ್ಯಾನ ನೋಡಲೇ" ಎಂದಳು.

ಹಗ್ಗವನ್ನು ಗಿಡ್ಡ ಮಾಡಲಿಲ್ಲ. ಬಟ್ಟೆಯ ಗಂಟು ಬಿಚ್ಚಲು ಕಿರಿಯವಳು ಎಂಟು ದಿನ ತೆಗೆದುಕೊಂಡಳು. ಕೂಸು ತೊಟ್ಟಿಲಲ್ಲಿ ಎದ್ದು ಕೂರುವವರೆಗೂ ಮಧ್ಯಾಹ್ನದ ಹೊತ್ತು ಅದನ್ನು ಮಲಗಿಸಿದವಳು ನಡುವಿನವಳೇ, ಕಲ್ಲನ್ನು ತೂಗಿ. ಆಮೇಲೆ ಒಂದು ದಿನ ತಾನೇ ಸೀರೆಯ ಸುತ್ತು ಬಿಚ್ಚಿ, ಕಲ್ಲನ್ನು ಅಡುಗೆಮನೆಗೆ ತಂದಿಟ್ಟಳು. ಅದರಲ್ಲಿ ನಾವು ಯಾರೂ ಇದುವರೆಗೆ ಖಾರ ಅರೆದಿಲ್ಲ.

ಗಳ, ಹಗ್ಗ, ತಾಳ, ಎಲ್ಲವೂ ನನಗೀಗ ಗೊತ್ತು. ಯಾರಾದರೂ ಕೇಳಿದರೆ ಬಿಡಿಸಿ ಹೇಳಬಲ್ಲೆ. ಆದರೂ ಆ ತಿಂಗಳುಗಳಲ್ಲಿ, ಕಲ್ಲು ನಿಂತು ಕೂಸು ಹೊರಡುವ ಆ ಗಳಿಗೆ ಬಂದಾಗಲೆಲ್ಲ ಮನೆಯಲ್ಲಿ ಒಬ್ಬರೂ ಮಾತಾಡುತ್ತಿರಲಿಲ್ಲ. ನಾನು ಕೌದಿ ಕೆಳಗಿಟ್ಟು ಕಾಯುತ್ತಿದ್ದೆ. ನಡುವಿನವಳು ಮಾತ್ರ, ಯಾರಿಗೋ ದಾರಿ ಬಿಡುವಂತೆ, ಕಾಲು ಮಡಿಚಿಕೊಂಡು ತುಸು ಪಕ್ಕಕ್ಕೆ ಸರಿದು ಕೂರುತ್ತಿದ್ದಳು.