ಆರು ಎಳೆಗಳ ಅಳತೆ

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಚನ್ನಗಿರಿಯಲ್ಲಿ ಟೆಲಿಫೋನ್ ಆಪರೇಟರಾಗಿ ಕೆಲಸಕ್ಕೆ ಸೇರಿದೆ. ನನ್ನ ತಂದೆ, ಅಬ್ಬಾ, ಪೇಟೆಯಲ್ಲಿ ತಗಡಿನ ಡಬ್ಬಿ, ಲಾಟೀನು ಬೆಸೆಯುವ ಅಂಗಡಿ ಇಟ್ಟಿದ್ದರು. ನಮ್ಮ ಓಣಿಯಿಂದ ಸರ್ಕಾರಿ ಕೆಲಸಕ್ಕೆ ಹೋದ ಮೊದಲ ಹುಡುಗಿ ನಾನೇ.

ಅಲ್ಲಿ ಒಬ್ಬ ಟೆಕ್ನಿಷಿಯನ್ ಇದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ನ್ಯಾಮತಿ ಕಡೆಯವರು. ಮೊದಲ ವಾರದಿಂದಲೇ ಅವರನ್ನು ಅಣ್ಣ ಎಂದು ಕರೆದೆ, ಅವರು ತಂಗಿ ಎಂದರು. ತಂತಿಯನ್ನು ಕಿವಿಯಿಂದ ಅಳೆಯುವುದನ್ನು ನನಗೆ ಕಲಿಸಿದ್ದು ಅವರೇ.

"ಗುಂಯ್ ಅಂತೈತಾ, ಚರಚರ ಅಂತೈತಾ, ಮೊದ್ಲು ಅದನ್ನ ಹೇಳು," ಎನ್ನುತ್ತಿದ್ದರು. "ಗುಂಯ್ ಅಂದ್ರೆ ಎಲ್ಲೋ ಕರೆಂಟಿನ ಲೈನು ಪಕ್ಕದಾಗೆ ಬಂದೈತೆ. ಚರಚರ ಅಂದ್ರೆ ಜಾಯಿಂಟ್ ಸಡಿಲ ಆಗೈತೆ."

ಅವರ ಹೆಂಡತಿ ಪ್ರಾಥಮಿಕ ಶಾಲೆಯ ಟೀಚರು. ನಾನು ಇಲಾಖೆಯ ಪರೀಕ್ಷೆಗೆ ಕಟ್ಟಿದಾಗ, ಇಂಗ್ಲಿಷಿನಲ್ಲಿದ್ದ ಪಾಠಗಳನ್ನು ಅಣ್ಣ ಬಾಯಲ್ಲಿ ಕನ್ನಡ ಮಾಡಿ ಹೇಳಿದರೆ ಅತ್ತಿಗೆ ಕೂತು ನೋಟ್‌ಬುಕ್ಕಿಗೆ ಬರೆದುಕೊಟ್ಟರು. ದುಂಡು ಅಕ್ಷರ. ಅಂಕಿಗಳನ್ನಂತೂ ಬೋರ್ಡಿನ ಮೇಲೆ ಮಕ್ಕಳಿಗೆ ತಿದ್ದಿಸುವಂತೆ ಬಿಡಿಬಿಡಿಯಾಗಿ ಬರೆಯುತ್ತಿದ್ದರು, ಏಳಕ್ಕೆ ನಡುವೆ ಒಂದು ಅಡ್ಡಗೆರೆ, ಆರಕ್ಕೆ ಉದ್ದನೆಯ ಬಾಲ. ಆ ನೋಟ್‌ಬುಕ್ಕುಗಳನ್ನು ಓದಿಯೇ ನಾನು ಪಾಸಾದೆ. ಹೊನ್ನಾಳಿಗೆ ಟೆಕ್ನಿಷಿಯನ್ ಆಗಿ ಹೋದೆ. ಒಂದೆರಡು ವರ್ಷದಲ್ಲಿ ಅಣ್ಣನೂ ಅಲ್ಲಿಗೆ ವರ್ಗವಾಗಿ ಬಂದರು. ಭಾನುವಾರದ ಊಟ ಅವರ ಮನೆಯಲ್ಲೇ.

ಎಂಬತ್ತರ ದಶಕ ಅರ್ಧ ದಾಟಿದ ಮೇಲೆ ಹೊನ್ನಾಳಿಯಿಂದ ನ್ಯಾಮತಿಗೆ ಗಾಜಿನ ಎಳೆಯ ಕೇಬಲ್ ಹಾಕುವುದೆಂದಾಯಿತು. ಮಾತು ತಂತಿಯಲ್ಲಿ ಕರೆಂಟಾಗಿ ಹೋಗುವ ಬದಲು ಕೂದಲಿನಷ್ಟು ಸಣ್ಣ ಗಾಜಿನೊಳಗೆ ಬೆಳಕಾಗಿ ಹೋಗುತ್ತದೆ ಎಂದರು. ನಮ್ಮಿಬ್ಬರನ್ನೂ ಒಂದು ತಿಂಗಳ ತರಬೇತಿಗೆ ಕಳಿಸಿದರು. ಎಳೆಯ ತುದಿ ಕತ್ತರಿಸಿ, ಅದು ನುಣುಪಾಗಿದೆಯೋ ಇಲ್ಲವೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ, ನಂತರ ಎರಡು ತುದಿಗಳನ್ನು ಬೆಸೆಯಬೇಕು. ಅಣ್ಣ ಪ್ರತಿಸಲವೂ, "ನೀನೇ ನೋಡು ತಂಗಿ, ನಿಂಗೆ ಚೆನ್ನಾಗಿ ಬರ್ತೈತೆ," ಎಂದು ಪಕ್ಕಕ್ಕೆ ಸರಿಯುತ್ತಿದ್ದರು. ನನ್ನನ್ನು ಮುಂದೆ ತರುತ್ತಿದ್ದಾರೆ ಎಂದುಕೊಂಡೆ.

ಊರಿಗೆ ಬಂದ ಮೇಲೆ ಬೆಸುಗೆಯ ಕೆಲಸ ಅವರಿಗೆ, ಅಳತೆಯ ಕೆಲಸ ನನಗೆ ಎಂದು ಹಂಚಿದರು. ಅಳತೆಗೆ ಇಬ್ಬರು ಬೇಕು. ನಾನು ಹೊನ್ನಾಳಿಯ ತುದಿಯಲ್ಲಿ ಕೂತು ಒಂದೊಂದೇ ಎಳೆಯೊಳಗೆ ಬೆಳಕು ಬಿಡಬೇಕು. ನ್ಯಾಮತಿಯ ತುದಿಯಲ್ಲಿ ಮೀಟರು ಹಿಡಿದವರು ಎಷ್ಟು ಬೆಳಕು ಬಂದು ಮುಟ್ಟಿತು ಎಂಬುದನ್ನು ಓದಿ, ಹಳೆಯ ತಂತಿಯ ಫೋನಿನಲ್ಲಿ ನನಗೆ ಹೇಳಬೇಕು. ಮೀಟರಿನ ಅಂಕಿ ಮೈನಸ್‌ನಲ್ಲಿರುತ್ತದೆ. ಅಂಕಿ ದೊಡ್ಡದಾದಷ್ಟೂ ಬಂದ ಬೆಳಕು ಕಡಿಮೆ. ನಮ್ಮ ದಾರಿಗೆ ಇಪ್ಪತ್ತೆರಡು, ಇಪ್ಪತ್ತಮೂರು ಬಂದರೆ ಒಳ್ಳೆಯದು. ಮೂವತ್ತೈದು ದಾಟಿದರೆ ಯಂತ್ರಕ್ಕೆ ಅದು ಮಾತೋ ಗದ್ದಲವೋ ಗೊತ್ತಾಗುವುದಿಲ್ಲ.

ಅಳತೆಯ ದಿನ ನ್ಯಾಮತಿಯಲ್ಲಿ ಇದ್ದವರು ಅಣ್ಣ. ಒಂದನೇ ಎಳೆಗೆ ಬೆಳಕು ಬಿಟ್ಟೆ. "ಮೈನಸ್ ಇಪ್ಪತ್ತೆರಡು, ಬರಕಾ," ಎಂದರು. ಎರಡನೆಯದು ಇಪ್ಪತ್ತೆರಡೂವರೆ. ಮೂರು, ನಾಲ್ಕು, ಐದು, ಆರು, ಎಲ್ಲವೂ ಇಪ್ಪತ್ತೆರಡು ಇಪ್ಪತ್ತಮೂರರ ನಡುವೆ. ನನಗೆ ಸ್ವಲ್ಪ ಅನುಮಾನವಾಯಿತು. ಕೈಯಲ್ಲಿ ಮಾಡಿದ ಬೆಸುಗೆ ಅಷ್ಟು ಸಮನಾಗಿ ಬರುವುದಿಲ್ಲ.

"ಅಣ್ಣಾ, ಎಲ್ಲಾ ಒಂದೇ ಥರ ಹೆಂಗೆ ಬಂತು? ಇನ್ನೊಂದ್ಸಲ ನೋಡ್ತೀರಾ?"

ಆ ಕಡೆಯಿಂದ, "ನನ್ ಮ್ಯಾಲೆ ನಂಬಿಕೆ ಇಲ್ವೇನವ್ವಾ ನಿಂಗೆ?" ಎಂದರು.

ನನಗೇ ನಾಚಿಕೆಯಾಯಿತು. ಆರೂ ಅಂಕಿ ಬರೆದು ಕೆಳಗೆ ಸಹಿ ಹಾಕಿದೆ.

ಮೊದಲ ಎರಡು ಎಳೆಗಳು ಚೆನ್ನಾಗಿಯೇ ನಡೆದವು. ತಿಂಗಳ ಮೇಲೆ ಮೂರನೆಯ, ನಾಲ್ಕನೆಯ ಎಳೆಗೂ ಕರೆಗಳನ್ನು ಹಾಕಿದ ದಿನವೇ ಕೆಂಪು ದೀಪ ಹತ್ತಿತು. ಮಾತು ತುಂಡುತುಂಡಾಗಿ ಬರತೊಡಗಿತು. ಅಡಿಕೆ ವ್ಯಾಪಾರಿಗಳು ಎಕ್ಸ್‌ಚೇಂಜಿನ ಬಾಗಿಲಿಗೇ ಬಂದು ನಿಂತರು. ಹೊರಗಿನಿಂದ ಬಂದ ತಂಡ ಮತ್ತೆ ಅಳೆಯಿತು. ಆ ಎರಡೂ ಎಳೆಗಳಲ್ಲಿ ಮೈನಸ್ ಮೂವತ್ತಾರು. ದಾರಿಯಲ್ಲಿ ಒಂದು ಗುಂಡಿ ತೆಗೆಸಿ ಬೆಸುಗೆಗಳನ್ನು ಇಟ್ಟು ಮುಚ್ಚಿದ್ದ ಪೆಟ್ಟಿಗೆ ಬಿಚ್ಚಿದರೆ, ಆ ಎರಡರಲ್ಲಿ ತುದಿಗೆ ತುದಿ ಕೂತೇ ಇರಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಒಂದೇ ಮಾತು ಹೇಳಿದರು. ಬೆಸುಗೆ ಯಾರ ಕೈಯಲ್ಲೂ ಕೆಡುತ್ತದೆ, ಕೆಟ್ಟಿದ್ದನ್ನು ಹಿಡಿಯುವುದಕ್ಕೇ ಅಳತೆ ಇರುವುದು. ನನ್ನ ಕಡೆ ತಿರುಗಿ, "ಇಪ್ಪತ್ತೆರಡು ಅಂತ ಹೇಗೆ ಬರೆದಿರಿ?" ಎಂದು ಕೇಳಿದರು.

"ಅವರು ಹೇಳಿದ್ದನ್ನೇ ಬರೆದೆ ಸಾರ್," ಎಂದೆ. ಅಣ್ಣ ಹೌದು ಎನ್ನುತ್ತಾರೆ ಎಂದು ಕಾದೆ.

ಅಣ್ಣ ನನ್ನ ಕಡೆ ನೋಡಲಿಲ್ಲ. "ನಾನು ಮೂವತ್ತಾರು ಅಂತಾನೇ ಹೇಳಿದ್ದೆ ಸಾರ್. ಅವ್ರು ಹೆಂಗೆ ಬರಕಂಡ್ರೋ ಗೊತ್ತಿಲ್ಲ. ನಾನು ಅವತ್ತೇ ಬರೆದಿಟ್ಟಿದ್ದು ಐತೆ," ಎಂದು ಜೇಬಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು.

ಆರು ಸಾಲು, ಆರು ಅಂಕಿ. ದುಂಡಗೆ, ಬಿಡಿಬಿಡಿಯಾಗಿ. ಎರಡು ಕಡೆ ಮೂವತ್ತಾರು. ಆ ಆರರ ಉದ್ದ ಬಾಲವನ್ನು ನಾನು ಎಷ್ಟು ಪುಟಗಳಲ್ಲಿ ನೋಡಿದ್ದೆನೋ. ಅದು ಅತ್ತಿಗೆಯ ಕೈಬರಹ.

ಅಳತೆಯ ದಿನ ಅತ್ತಿಗೆ ನ್ಯಾಮತಿಯಲ್ಲಿ ಇರಲೇ ಇಲ್ಲ. ಹಾಗಾದರೆ ಇದನ್ನು ಆಮೇಲೆ, ಅವರ ಮನೆಯಲ್ಲಿ, ನಾನು ಊಟ ಮಾಡುತ್ತಿದ್ದ ಪಡಸಾಲೆಯಲ್ಲಿ ಕೂತು ಬರೆದಿದ್ದಾರೆ. ಇಷ್ಟು ತಿಳಿಯಲು ನನಗೆ ಒಂದು ನಿಮಿಷ ಸಾಕಾಯಿತು. ಬಾಯಿ ಮಾತ್ರ ಬರಲಿಲ್ಲ. ಯಾಕೆ ಸುಮ್ಮನಿದ್ದೆ ಎಂದು ಅಬ್ಬಾ ಆಮೇಲೆ ಎಷ್ಟೋ ಸಲ ಕೇಳಿದರು. ಆ ಹೊತ್ತಿನಲ್ಲಿ ಇಬ್ಬರೂ ಸೇರಿ ಮಾಡಿದ್ದಾರೆ ಎಂಬುದೊಂದೇ ತಲೆಯೊಳಗೆ ಸುತ್ತುತ್ತಿತ್ತು.

ನನ್ನ ಕಡತದಲ್ಲಿ ಕರ್ತವ್ಯಲೋಪ ಎಂದು ಬರೆದರು. ಜಗಳೂರಿಗೆ ವರ್ಗ ಮಾಡಿದರು. ಅಲ್ಲಿ ಗಾಜೂ ಇಲ್ಲ, ಬೆಳಕೂ ಇಲ್ಲ. ಸೊಕ್ಕೆಯ ಕಡೆ ಹೋಗುವ ಹಳೇ ಕಂಬದ ತಂತಿಗಳನ್ನು ನೋಡಿಕೊಳ್ಳುವ ಕೆಲಸ.

ವರ್ಷ ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ ಅತ್ತಿಗೆ ಬಸ್ಸಿಳಿದು ನನ್ನ ಬಾಡಿಗೆ ಮನೆಗೆ ಬಂದರು. ನೀರು ಕೊಟ್ಟೆ. ಲೋಟ ಕೈಯಲ್ಲೇ ಹಿಡಿದು ಹೇಳಿದರು.

"ಅವ್ರಿಗೆ ಕಣ್ಣು ಸರಿಯಾಗಿ ಕಾಣ್ಸಲ್ಲ. ಅಳತೆ ಹೊತ್ತಿಗೇ ಎರಡು ವರ್ಷ ಆಗಿತ್ತು. ಮೀಟರಿನ ಅಂಕಿ ಓದಾಕೆ ಆಗ್ಲಿಲ್ಲ, ಅಂದಾಜಿಗೆ ಹೇಳಿದ್ರು. ಗೊತ್ತಾದ್ರೆ ಕೆಲಸದಿಂದ ತೆಗೀತಾರೆ ಅಂತ ಹೆದ್ರಿದ್ರು."

"ನಂಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಅತ್ಗೆ. ಅವರು ಹೊನ್ನಾಳಿಯಿಂದ ಬೆಳಕು ಬಿಟ್ಟಿದ್ರೆ, ನ್ಯಾಮತಿಗೆ ನಾನೇ ಹೋಗಿ ಓದ್ತಿದ್ದೆ."

"ನೀನು ಸಣ್ಣಾಕಿ, ಒಬ್ಬಾಕಿ. ನಿನ್ನ ಕೆಲಸ ಹೋಗಲ್ಲ, ವರ್ಗ ಆಗ್ತೈತೆ ಅಷ್ಟೇ ಅಂತ ಅವ್ರು ಅಂದ್ರು. ನನಗೂ ಹೌದು ಅನ್ನಿಸ್ತು."

ಅಷ್ಟರವರೆಗೆ ನನ್ನೊಳಗೆ ಇನ್ನೂ ಏನೋ ಒಂದು ಸಣ್ಣ ಆಸೆ ಉಳಿದಿತ್ತು, ಹೆದರಿ ದಿಕ್ಕು ತೋಚದೆ ಮಾಡಿರಬೇಕು ಎಂದು. ಆದರೆ ಅವರಿಬ್ಬರೂ ಕೂತು ಯೋಚಿಸಿ, ಈ ಪೆಟ್ಟನ್ನು ನಾನು ತಡೆಯಬಲ್ಲೆ ಎಂದು ತೂಗಿ ನೋಡಿ ಮಾಡಿದ್ದರು.

"ಇದನ್ನೇ ಒಂದು ಕಾಗದದಾಗೆ ಬರೆದುಕೊಡ್ರಿ," ಎಂದೆ. ಒಳಗಿನಿಂದ ಪೆನ್ನು ತಂದು ಮುಂದಿಟ್ಟೆ. ಅವರು ಪೆನ್ನನ್ನು ನೋಡಿದರು, ನನ್ನನ್ನು ನೋಡಿದರು, ಲೋಟ ಕೆಳಗಿಟ್ಟು ಎದ್ದರು. ಬಸ್ ನಿಲ್ದಾಣದವರೆಗೂ ಜೊತೆಗೆ ನಡೆದೆ.

ನಾನೇ ಎಲ್ಲವನ್ನೂ ಬರೆದು ಮೇಲಕ್ಕೆ ಅರ್ಜಿ ಕಳಿಸಿದೆ. ಪ್ರಕರಣ ಮುಗಿದಿದೆ ಎಂದು ಎರಡು ಸಾಲಿನ ಉತ್ತರ ಬಂತು. ಅಷ್ಟರಲ್ಲಿ ಅಣ್ಣ ಕಣ್ಣಿನ ಕಾರಣವನ್ನೇ ಕೊಟ್ಟು, ಹಾರ ಹಾಕಿಸಿಕೊಂಡು ನಿವೃತ್ತಿ ತೆಗೆದುಕೊಂಡಿದ್ದರು. ನನಗೆ ಬರಬೇಕಿದ್ದ ಬಡ್ತಿ ನನ್ನ ನಂತರ ಸೇರಿದವರಿಗೆ ಹೋಯಿತು.

ಆಮೇಲೂ ಪ್ರತಿ ರಂಜಾನ್‌ಗೆ ಅವರ ಮನೆಯಿಂದ ಕಾಗದ ಬರುತ್ತಿತ್ತು, ಹಬ್ಬದ ಶುಭಾಶಯ, ಅಬ್ಬಾನ ಆರೋಗ್ಯ ಕೇಳಿ ನಾಲ್ಕು ಮಾತು. ಎರಡು ವರ್ಷ ಒಡೆದು ಓದಿದೆ. ಅವತ್ತು ಬರೆದುಕೊಡಿ ಎಂದು ನಾನು ಕೇಳಿದ್ದು ಎರಡರಲ್ಲೂ ಇರಲಿಲ್ಲ. ಮೂರನೆಯದನ್ನು ಒಡೆಯದೆ ಅಂಚೆಯವರ ಕೈಗೇ ವಾಪಸು ಕೊಟ್ಟು, ಬಾಗಿಲು ಹಾಕಿಕೊಂಡು ಕೆಲಸಕ್ಕೆ ಹೊರಟೆ.